ಹಳೆಯ ಲ್ಯಾಪ್‌ಟಾಪ್ ಏಳುವಷ್ಟು ಹೊತ್ತು

ನಮ್ಮ ಮನೆಯಲ್ಲಿ ಬೆಳಿಗ್ಗೆ ಎಲ್ಲರಿಗಿಂತ ತಡವಾಗಿ ಏಳುತ್ತಿದ್ದುದು ಲ್ಯಾಪ್‌ಟಾಪು. ಗುಂಡಿ ಒತ್ತಿದರೆ ಒಳಗಿನ ಫ್ಯಾನು ಮೊದಲು ಒಂದು ನಿಟ್ಟುಸಿರು ಬಿಡುತ್ತಿತ್ತು. ಆಮೇಲೆ ಕಪ್ಪು ಪರದೆ, ಅದರ ಮೇಲೆ ಗಿರಗಿರ ತಿರುಗುವ ಬಿಳಿ ಚುಕ್ಕೆಗಳು. ಆ ಚುಕ್ಕೆಗಳು ತಿರುಗಿ ತಿರುಗಿ ಸುಸ್ತಾಗಿ ಪರದೆ ಬೆಳಗುವಷ್ಟರಲ್ಲಿ ನಾನೂ ನನ್ನ ಹೆಂಡತಿಯೂ ಬಾಲ್ಕನಿಯಲ್ಲಿ ಕೂತು ಕಾಫಿ ಕುಡಿದು ಮುಗಿಸುತ್ತಿದ್ದೆವು.

ವಿಜಯನಗರದ ನಮ್ಮ ಮೂರನೇ ಮಹಡಿಯ ಬಾಲ್ಕನಿಯಿಂದ ಎರಡು ಕಟ್ಟಡಗಳ ಸಂದಿಯಲ್ಲಿ ಮೆಟ್ರೋ ಹಳಿ ಬಾಗಿಲಷ್ಟು ಅಗಲ ಕಾಣುತ್ತದೆ. ರೈಲು ಆ ಸಂದಿಯಲ್ಲಿ ಮೂಡಿ ಅಲ್ಲೇ ಮಾಯವಾಗುತ್ತದೆ. ಅದನ್ನು ನೋಡುತ್ತಾ ಅವಳು ಹಿಂದಿನ ರಾತ್ರಿಯ ಕನಸು ಹೇಳುತ್ತಿದ್ದಳು. ಅವಳಿಗೆ ದಿನಾ ಕನಸು ಬೀಳುತ್ತದೆ. ನನಗೆ ಬೀಳುವುದಿಲ್ಲ, ನಿದ್ದೆ ಬಂದರೆ ತಾನೆ? 'ಮೆಟ್ರೋ ಕೆಂಗೇರೀಲಿ ನಿಲ್ಲಲೇ ಇಲ್ಲ ರೀ. ಹೋಗಿ ಹೋಗಿ ಒಂದು ಕೆರೆ ನಡುವೆ ನಿಂತ್ಕೊಂಡ್ತು. ಎಲ್ಲಾರೂ ಇಳಿದು ನೀರಿನ ಮೇಲೆ ನಡ್ಕೊಂಡು ಆಫೀಸಿಗೆ ಹೋದ್ರು. ನಂಗೆ ಮಾತ್ರ ಡಬ್ಬಿ ಒದ್ದೆ ಆಗುತ್ತಲ್ಲ ಅಂತ ಯೋಚನೆ,' ಎಂದು ಒಂದು ದಿನ. ಅವಳು ಕೆಂಗೇರಿ ಉಪನಗರದ ಒಂದು ಶಾಲೆಯಲ್ಲಿ ಲೈಬ್ರರಿ ನೋಡಿಕೊಳ್ಳುತ್ತಾಳೆ. ಸಂಜೆ ಬರುವಷ್ಟರಲ್ಲಿ ಕನಸು ಆರಿಹೋಗಿರುತ್ತದೆ. ಕೇಳಿದರೆ 'ಏನೋ ಬಿದ್ದಿತ್ತಪ್ಪ, ಮರ್ತೋಯ್ತು' ಎನ್ನುತ್ತಾಳೆ. ಆದ್ದರಿಂದ ಕನಸು ಕೇಳಲು ನನಗಿದ್ದ ಸಮಯ ಅಷ್ಟೇ, ಲ್ಯಾಪ್‌ಟಾಪ್ ಏಳುವ ತನಕ. ಪರದೆ ಬೆಳಗಿತೆಂದರೆ ನಾನು ಆ ಬಾಲ್ಕನಿಯಲ್ಲಿ ಇರುವುದಿಲ್ಲ, ಮೈ ಮಾತ್ರ ಕುರ್ಚಿಯಲ್ಲಿರುತ್ತದೆ.

ನನ್ನ ಕೆಲಸ ಅಂಥದ್ದು. ಮಿಕ್ಸಿ, ಗೀಸರು, ವಾಷಿಂಗ್ ಮೆಷೀನುಗಳ ಜೊತೆ ಬರುವ ಪುಸ್ತಿಕೆಗಳನ್ನು ಕನ್ನಡಕ್ಕೆ ತರುತ್ತೇನೆ. 'ಒದ್ದೆ ಕೈಯಿಂದ ಮುಟ್ಟಬೇಡಿ', 'ಮಕ್ಕಳ ಕೈಗೆ ಸಿಗದಂತೆ ಇಡಿ' ಎಂದು ನೀವು ಓದದೇ ಎಸೆದಿರುತ್ತೀರಲ್ಲ, ಅದನ್ನು ಬರೆದವನು ಬಹುಶಃ ನಾನೇ. ಹುಟ್ಟಾ ಚಿಂತೆಗಾರನಿಗೆ ದೇವರು ಸರಿಯಾದ ಉದ್ಯೋಗವನ್ನೇ ಕೊಟ್ಟಿದ್ದಾನೆ: ದಿನವಿಡೀ ಏನೇನು ಕೆಡಬಹುದು ಎಂದು ಯೋಚಿಸುವುದು, ಅದಕ್ಕೆ ಸಂಬಳ.

ಹೀಗಿರುವಾಗ ಕೆಲಸ ಕಳಿಸುವ ಕಂಪನಿಯವರು ಒಂದು ಮೇಲ್ ಹಾಕಿದರು. ಮುಂದಿನ ತಿಂಗಳಿಂದ ಎಲ್ಲರೂ ಹೊಸ ಸಾಫ್ಟ್‌ವೇರಿನಲ್ಲೇ ಕೆಲಸ ಮಾಡಬೇಕು. ಅದನ್ನು ಹಾಕಲು ಹೋದಾಗ ನನ್ನ ಲ್ಯಾಪ್‌ಟಾಪ್ ಒಮ್ಮೆ ನಡುಗಿ, ಪರದೆಯೆಲ್ಲ ನೀಲಿಯಾಯಿತು. ಅದರ ಬ್ಯಾಟರಿ ಎಂದೋ ಸತ್ತಿತ್ತು, ಗೋಡೆಯ ಪ್ಲಗ್ಗಿನಿಂದ ಕಿತ್ತರೆ ಆ ಕ್ಷಣವೇ ಆರುತ್ತಿತ್ತು. ಮುಚ್ಚಳದ ಒಂದು ಕೀಲು ಮುರಿದು, ಪರದೆ ಹಿಂದಕ್ಕೆ ಬೀಳದಂತೆ ಅಡುಗೆಮನೆಯ ಸಕ್ಕರೆ ಡಬ್ಬಿ ಆನಿಸಿ ಇಟ್ಟಿರುತ್ತಿದ್ದೆ. ಬದಲಿಸಲು ಕಾರಣ ಬೇಕಿದ್ದರೆ ಇಷ್ಟು ಸಾಕು. ಆದರೆ ಬದಲಿಸಿದರೆ ಬೆಳಗಿನ ಆ ಹೊತ್ತು ಹೋಗುತ್ತದೆ ಎಂಬುದು ನನಗೊಬ್ಬನಿಗೇ ಗೊತ್ತಿದ್ದ ಸಂಕಟ. ಹೆಂಡತಿಗೆ ಹೇಳೋಣವೆಂದರೆ, ನಲವತ್ತು ದಾಟಿ ಎಷ್ಟೋ ವರ್ಷವಾದ ಗಂಡಸು 'ನಿನ್ನ ಕನಸು ಕೇಳಬೇಕು' ಎಂದು ಹೇಗೆ ಬಾಯಿ ಬಿಡುವುದು? ಆಯ್ಕೆಯ ನೆಪದಲ್ಲಿ ದಿನ ದೂಡತೊಡಗಿದೆ.

ದೂಡುವುದಕ್ಕೆ ಸಾಮಗ್ರಿ ಧಾರಾಳವಾಗಿತ್ತು. ಮೊದಲು ಮಾಲಿನ ಶೋರೂಮಿಗೆ ಹೋದೆ. ಅಲ್ಲಿನ ಲ್ಯಾಪ್‌ಟಾಪುಗಳು ಹಪ್ಪಳದಷ್ಟು ತೆಳ್ಳಗಿದ್ದವು. ಮುಟ್ಟಲು ಭಯವಾಯಿತು, ಬೆಲೆ ಓದಿದ ಮೇಲೆ ಉಸಿರಾಡಲೂ ಭಯವಾಯಿತು. ಹೆಂಡತಿಯ ತಮ್ಮನಿಗೆ ಫೋನ್ ಮಾಡಿದೆ. 'ಭಾವಾ, ಹದಿನಾರು ಜಿಬಿ ರ‍್ಯಾಮ್‌ಗಿಂತ ಕಮ್ಮಿ ಮುಟ್ಲೇಬೇಡಿ,' ಎಂದ. ಯಾಕೆಂದು ಕೇಳಿದೆ. 'ಯಾಕೆ ಅಂದ್ರೆ... ಮುಟ್ಬೇಡಿ ಅಷ್ಟೇ,' ಎಂದ. ನನ್ನ ಬಜೆಟ್ ಹೇಳಿದೆ. 'ಹಂಗಾದ್ರೆ ರಾಜಾಜಿನಗರಕ್ಕೆ ಹೋಗಿ. ಆಫೀಸುಗಳಲ್ಲಿ ಬಳಸಿ ಬಿಟ್ಟಿರೋದನ್ನ ರಿಪೇರಿ ಮಾಡಿ ಮಾರ್ತಾರೆ. ಹಳೇದು ಕೊಟ್ರೆ ಸ್ವಲ್ಪ ಕಮ್ಮೀನೂ ಮಾಡ್ತಾರೆ,' ಎಂದ.

ಬಳಸಿದ್ದು ಎಂದಮೇಲೆ ಹೊಸ ಚಿಂತೆ. ಯಾರು ಬಳಸಿದ್ದೋ, ಯಾಕೆ ಬಿಟ್ಟರೋ, ಆ ಕೀಲಿಗಳ ಮೇಲೆ ಎಷ್ಟು ಜನ ರಾಜೀನಾಮೆ ಪತ್ರ ಬರೆದಿದ್ದಾರೋ. ನಾನು ಇದನ್ನೆಲ್ಲ ಲೆಕ್ಕ ಹಾಕುತ್ತ ಕೂತಿರುವಾಗ ಒಂದು ಶನಿವಾರ ಹೆಂಡತಿ ಹಳೆಯದನ್ನು ಬಟ್ಟೆಯ ಚೀಲಕ್ಕೆ ಹಾಕಿ ಹೆಗಲಿಗೇರಿಸಿದಳು. 'ನಿಮ್ಮನ್ನ ನಂಬ್ಕೊಂಡ್ರೆ ಇದು ಇಲ್ಲೇ ಮುಕ್ತಿ ಪಡೆಯುತ್ತೆ. ನಡೀರಿ,' ಎಂದು ಆಟೋ ಹಿಡಿದಳು.

ಅಂಗಡಿ ಮೊದಲ ಮಹಡಿಯಲ್ಲಿತ್ತು, ಕೆಳಗೆ ಬೆಣ್ಣೆ ಬಿಸ್ಕತ್ತು ಬೇಯುತ್ತಿದ್ದ ಬೇಕರಿ. ಆ ಪರಿಮಳಕ್ಕೋ ಮಧ್ಯಾಹ್ನದ ಬಿಸಿಲಿಗೋ ಅಲ್ಲಿ ಸಾಲಾಗಿ ಕೂತಿದ್ದ ಲ್ಯಾಪ್‌ಟಾಪುಗಳೆಲ್ಲ ಊಟ ಮಾಡಿ ಮಲಗಿದ ಹಾಗೆ ಕಾಣುತ್ತಿದ್ದವು. ಅಂಗಡಿಯ ಒಡತಿ ಮೂವತ್ತರ ಆಸುಪಾಸಿನ ಚುರುಕು ಹೆಂಗಸು. ಹಳೆಯದಕ್ಕೆ ಎಷ್ಟು ಕೊಡಬಹುದೆಂದು ನೋಡಲು ಅದನ್ನು ಬೋರಲು ಹಾಕಿ, ತಿರುಪು ತೆಗೆದು, ಅಡಿಯ ಹೊದಿಕೆ ಎತ್ತಿದಳು. ಎತ್ತಿದವಳು ಹಾಗೇ ನಿಂತಳು.

'ಸಾರ್, ಇದರ ಪಕ್ಕ ಏನಾದ್ರೂ ಗೋಡೆಗೆ ಸುಣ್ಣ ಹೊಡೆಸಿದ್ರಾ?'

ಒಳಗೆ ಫ್ಯಾನಿನ ಸುತ್ತ ಬಿಳೀ ಪುಡಿ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಹೆಂಡತಿ ಬಗ್ಗಿ ಮೂಸಿದಳು. ಮೂಸಿ, ನಾಲಿಗೆ ಕಚ್ಚಿಕೊಂಡಳು.

'ಸುಣ್ಣ ಅಲ್ಲಮ್ಮ. ವಿಭೂತಿ.'

'ವಿಭೂತೀನಾ?'

ನಮ್ಮದು ವಿಭೂತಿ ಹಚ್ಚುವ ಮನೆತನ. ಆಯುಧ ಪೂಜೆಯ ದಿನ ಸ್ಕೂಟರು, ಕುಕ್ಕರು, ಕತ್ತರಿ ಎಲ್ಲದರ ಹಣೆಗೂ ಮೂರು ಪಟ್ಟೆ ಬೀಳಬೇಕು. ಲ್ಯಾಪ್‌ಟಾಪ್ ಮನೆಗೆ ಬಂದ ಮೊದಲ ವರ್ಷ ಅದರ ಹಣೆ ಯಾವುದೆಂದು ಇಬ್ಬರೂ ಬಹಳ ಯೋಚಿಸಿದ್ದೆವು. ಮುಚ್ಚಳಕ್ಕೆ ಹಚ್ಚಿದರೆ ನೆತ್ತಿಗೆ ಹಚ್ಚಿದ ಹಾಗಾಗುತ್ತದೆ ಎಂದು ಅವಳು. ತಿರುಗಿಸಿದಾಗ ಅಡಿಯಲ್ಲಿ ಉದ್ದುದ್ದ ಸೀಳುಗಳ ಸಾಲು ಕಂಡಿತು, ಪಟ್ಟೆ ಎಳೆಯಲು ಹೇಳಿ ಮಾಡಿಸಿದ ಜಾಗ. ಅವಳು ಮೂರು ಬೆರಳು ಅದ್ದಿ ಎಳೆದಳು, ನಾನು ಊದುಬತ್ತಿ ಬೆಳಗಿದೆ. ಅಲ್ಲಿಂದ ಪ್ರತಿ ವರ್ಷವೂ ಅಲ್ಲೇ. ಅದು ಹಾಗಿರಲಿ, ಯಂತ್ರ ನಡುವೆ ನಿಂತಾಗಲೆಲ್ಲ ನಾನು ಹೆದರಿ ದೇವರ ಮನೆಯಿಂದ ಚಿಟಿಕೆ ತಂದು ಅದೇ ಸೀಳುಗಳ ಮೇಲೆ ಉದುರಿಸುತ್ತಿದ್ದೆ. ಅದು ಮತ್ತೆ ನಿಲ್ಲುತ್ತಿತ್ತು. ನಾನು ಮತ್ತೆ ಉದುರಿಸುತ್ತಿದ್ದೆ. 'ಗಾಳಿಯ ಕಿಂಡಿಗಳನ್ನು ಮುಚ್ಚಬೇಡಿ' ಎಂದು ಎಷ್ಟು ಪುಸ್ತಿಕೆಗಳಲ್ಲಿ ಬರೆದಿದ್ದೇನೋ ಲೆಕ್ಕವಿಲ್ಲ.

'ಉಸಿರಾಡೋ ಜಾಗ ಸಾರ್ ಅದು,' ಎಂದು ಒಡತಿ ನಗು ತಡೆದುಕೊಂಡು ಹೇಳಿದಳು. 'ದೇವರು ಒಳಗೆ ಹೋಗಿದಾನೆ, ಗಾಳಿ ಹೋಗಿಲ್ಲ. ಬಿಸಿ ಏರ್ದಂಗೆಲ್ಲ ನಿಧಾನ ಆಗುತ್ತೆ. ಹಾರ್ಡ್ ಡಿಸ್ಕೂ ಹಳೇದು ಬಿಡಿ.'

ಹಾಗಾದರೆ ನಮ್ಮ ಬೆಳಗಿನ ಹೊತ್ತಿನಲ್ಲಿ ಒಂದು ಪಾಲು ನಾವೇ ಕೈಯಾರೆ ಮಾಡಿಕೊಂಡದ್ದು. ವರ್ಷ ವರ್ಷವೂ ಹೆಂಡತಿ ಮೂರು ಬೆರಳಿನಿಂದ ಒಂದಿಷ್ಟು ನಿಧಾನ ಹಚ್ಚಿದ್ದಳು, ಅದರೊಳಗೆ ಕೂತು ತನ್ನ ಕನಸು ಹೇಳಿದ್ದಳು. ಬಿಸ್ಕತ್ತಿನ ಪರಿಮಳದಲ್ಲಿ ನಿಂತು ನಾನು ಆ ಬಿಳೀ ಪುಡಿಯನ್ನೇ ನೋಡಿದೆ. ಒಡತಿ ಬ್ರಷ್ಷು ತೆಗೆದುಕೊಂಡಾಗ ತಡೆಯಬೇಕೆನಿಸಿತು.

'ಇದನ್ನೇ ಕ್ಲೀನ್ ಮಾಡಿ ಇಟ್ಕೊಂಡ್ರೆ?' ಎಂದೆ.

'ಟೈಪ್ ಮಾಡೋಕೆ ಇಟ್ಕೊಳಿ. ನಿಮ್ಮ ಕಂಪನಿ ಸಾಫ್ಟ್‌ವೇರ್ ಮಾತ್ರ ಇದಕ್ಕೆ ಆಗಲ್ಲ ಸಾರ್. ವಯಸ್ಸಾಯ್ತು.'

ಅವಳು ಗಾಜಿನ ಮೇಜಿನ ಮೇಲೆ ನಮ್ಮ ಬಜೆಟ್ಟಿಗೆ ಒಗ್ಗುವ ಮೂರನ್ನು ಇಟ್ಟಳು. ಒಂದರ ಪರದೆ ಚಿಕ್ಕದು. ಒಂದರ ಮೂಲೆಯಲ್ಲಿ ಗೀರು. ಒಂದು ಕಡಪಾ ಕಲ್ಲಿನಷ್ಟು ಭಾರ. ಗುಂಡಿ ಒತ್ತಿದಳು. ಮೂರೂ ಕಣ್ಣು ಬಿಟ್ಟು ನನ್ನನ್ನೇ ನೋಡಿದವು.

'ಇಷ್ಟು ಬೇಗನಾ?'

'ನೋಡಿದ್ರಲ್ಲ ಸಾರ್. ಕಣ್ಣು ಮುಚ್ಚಿ ತೆಗೆಯೋಷ್ಟ್ರಲ್ಲಿ.'

'ಸ್ವಲ್ಪ ನಿಧಾನ ಏಳೋದು ಯಾವುದೂ ಇಲ್ವಾ?' ಎಂದು ಕೇಳಿದೆ. ಬಾಯಿಂದ ಹೊರಟ ಮೇಲೆ ಅದು ಎಂಥ ಪ್ರಶ್ನೆ ಎಂದು ತಿಳಿಯಿತು.

ಒಡತಿ ನನ್ನ ಅಂಗಿಯನ್ನೊಮ್ಮೆ ನೋಡಿ ದನಿ ತಗ್ಗಿಸಿದಳು. 'ಸಾರ್, ಇನ್ನೂ ಕಮ್ಮಿ ಬಜೆಟ್ ಇದ್ರೆ ಹೇಳಿ, ಸಂಕೋಚ ಪಡ್ಬೇಡಿ. ಏನಾದ್ರೂ ನೋಡೋಣ.'

'ಇವರಿಗೆ ಬಿಸಿಲು ಆಗಿ ಬರಲ್ಲಮ್ಮ,' ಎಂದು ಹೆಂಡತಿ ಮಧ್ಯೆ ಬಂದಳು. 'ಆ ಭಾರದ್ದೇ ಕೊಡಿ. ಭಾರ ಇದ್ರೆ ಇವರು ಎಲ್ಲೆಂದ್ರಲ್ಲಿ ಎತ್ಕೊಂಡು ಹೋಗಿ ಬೀಳಿಸಲ್ಲ. ಮೌಸ್ ಸುಮ್ನೆ ಕೊಡ್ತೀರಿ ತಾನೆ?'

ಹೀಗೆ ವಾರಗಟ್ಟಲೆ ನಾನು ಮಾಡಲಾರದ ಆಯ್ಕೆ ಮುಗಿಯಿತು. ಹಳೆಯದು ಅಂಗಡಿಯಲ್ಲೇ ಉಳಿಯಿತು, ಆಟೋದಲ್ಲಿ ಭಾರದ ಲ್ಯಾಪ್‌ಟಾಪ್ ನನ್ನ ತೊಡೆಯ ಮೇಲಿತ್ತು. ನವರಂಗ್ ಕಡೆಯ ಸಿಗ್ನಲ್ಲಿನಲ್ಲಿ ಅವಳು ಕೇಳಿದಳು, 'ನಿಧಾನದ್ದು ಯಾಕ್ರೀ ಕೇಳಿದ್ರಿ?'

'ಅಭ್ಯಾಸ,' ಎಂದೆ.

ಅವಳು ಹೊರಗೆ ನೋಡುತ್ತ ಕೂತಳು. ರಸ್ತೆಬದಿಯ ಹೊಂಗೆ ಮರಗಳ ನೆರಳುಗಳು ಒಂದೊಂದಾಗಿ ಅವಳ ಮುಖದ ಮೇಲೆ ಹಾದುಹೋದವು.

ಸೋಮವಾರ ಬೆಳಿಗ್ಗೆ ಬಾಲ್ಕನಿಯಲ್ಲಿ ಗುಂಡಿ ಒತ್ತಿದೆ. ಅವಳು ಕಾಫಿ ಲೋಟ ಹಿಡಿದು ಇನ್ನೂ ಕೂರುವ ಮೊದಲೇ ಪರದೆ ಬೆಳಗಿ, ಬಟ್ಟೆ ಒಣಗಿಸುವ ಯಂತ್ರವೊಂದರ ಪುಸ್ತಿಕೆ ಬಂದು ಕಾದಿತ್ತು.

'ಆಗ್ಲೇ ಬಂತಾ?' ಎಂದಳು. 'ಸರಿ, ಮಾಡ್ಕೊಳ್ಳಿ ಕೆಲಸ.' ಲೋಟವನ್ನು ಹಾಗೇ ಹಿಡಿದು ಒಳಗೆ ಹೋದಳು.

ನಾನು ಬೆರಳಾಡಿಸತೊಡಗಿದೆ. 'ಯಂತ್ರ ಚಲಿಸುತ್ತಿರುವಾಗ' ಎಂದು ಬರೆದೆ. ಅಲ್ಲಿಗೆ ನಿಂತಿತು. ಒಳಗೆ ಡಬ್ಬಿಯ ಮುಚ್ಚಳ ಬಿಗಿಯುವ ಸದ್ದು, ಆಮೇಲೆ ಬೀಗದ ಕೈ ಗೊಂಚಲಿನ ಸದ್ದು. ಸಂದಿಯಲ್ಲಿ ಒಂದು ರೈಲು ಮೂಡಿ ಹೋಯಿತು. ಆ ವಾಕ್ಯ ನನ್ನನ್ನೇ ನೋಡುತ್ತಿತ್ತು. ಎದ್ದು ಬಾಗಿಲಿಗೆ ಬಂದೆ.

'ಇರು, ನಾನೂ ಬರ್ತೀನಿ.'

'ಎಲ್ಲಿಗೆ?'

'ಸ್ಟೇಷನ್ನಿಗೆ.'

'ಯಾಕೆ, ಏನಾದ್ರೂ ತರ್ಬೇಕಿತ್ತಾ?'

'ಏನಿಲ್ಲ. ರಾತ್ರಿ ಏನು ಬಿತ್ತು?'

ಅವಳು ಮೆಟ್ಟಿಲ ಮೇಲೆ ನಿಂತು ನನ್ನ ಮುಖ ನೋಡಿದಳು. ಗೇಟಿನ ಹೊರಗೆ ಬಂದ ಮೇಲೆ ಶುರು ಮಾಡಿದಳು. ಅವಳ ಲೈಬ್ರರಿಯ ಪುಸ್ತಕಗಳಿಗೆಲ್ಲ ಬೇರು ಬಂದಿತ್ತಂತೆ. ಮಕ್ಕಳು ಎಳೆದರೂ ಕಪಾಟಿನಿಂದ ಬರುತ್ತಿರಲಿಲ್ಲವಂತೆ. ಸ್ಕೂಟರೊಂದು ನಮ್ಮ ನಡುವೆ ನುಗ್ಗಿದಾಗ ಕನಸು ನಿಂತಿತು, ಹೂವಿನವಳ ಬುಟ್ಟಿ ದಾಟಿದ ಮೇಲೆ ಮತ್ತೆ ಹೊರಟಿತು. ಅವಳು ದಿನಾ ನೀರು ಹಾಕಬೇಕಾಯಿತಂತೆ, ನೀರು ಹಾಕಿದಷ್ಟೂ ಪುಟಗಳು ಹಸಿರಾದವಂತೆ. ಮೆಟ್ರೋ ಕಂಬಗಳ ನೆರಳಿನಲ್ಲಿ ನಾವು ನಡೆದದ್ದು ಬಾಲ್ಕನಿಯಲ್ಲಿ ಕೂತಷ್ಟೇ ಹೊತ್ತೋ, ಹೆಚ್ಚೋ, ಗೊತ್ತಾಗಲಿಲ್ಲ. ಮನೆಯಲ್ಲಿ ಲ್ಯಾಪ್‌ಟಾಪ್ ಕಣ್ಣು ಬಿಟ್ಟುಕೊಂಡು ಅರ್ಧ ವಾಕ್ಯದೊಂದಿಗೆ ಕೂತಿದೆ ಎಂಬ ಚಿಂತೆ ಒಮ್ಮೆ ಬಂತು, ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂಬ ಚಿಂತೆ ಅದನ್ನು ಓಡಿಸಿತು.

ಸ್ಟೇಷನ್ನಿನ ಮೆಟ್ಟಿಲ ಬಳಿ ಅವಳು ಚೀಲದಿಂದ ಕಾರ್ಡು ತೆಗೆದು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನಾನು ಬಚ್ಚಲುಮನೆಯ ನೀಲಿ ಚಪ್ಪಲಿಯಲ್ಲೇ ಬಂದಿದ್ದೆ.

'ನಾಳೆ ಬರೋವಾಗ ಸರಿಯಾಗಿರೋ ಚಪ್ಪಲಿ ಹಾಕ್ಕೊಂಡ್ ಬನ್ನಿ,' ಎಂದಳು. 'ನಮ್ಮ ಸ್ಕೂಲಿನ ಮೇಡಮ್ಮುಗಳೂ ಇದೇ ಟ್ರೈನಿಗೆ ಬರ್ತಾರೆ.'