ಮಂಗೈ ಹೊಲಿಸಿದ ಚೀಟಿ

ಮಂಗೈಯ ಸುದ್ದಿ ನನ್ನ ಕಿವಿಗೆ ಬಿದ್ದದ್ದು ಸಿಡ್ನಿಯ ಕೋಳಿಮಾಂಸದ ಕಾರ್ಖಾನೆಯ ಊಟದ ಕೋಣೆಯಲ್ಲಿ. ನಮ್ಮ ಜಾಫ್ನಾದವಳೇ ಆದ ಪರಿಮಳ ಎಂಬವಳು ಇಡಿಯಪ್ಪದ ಡಬ್ಬಿ ಬಿಚ್ಚುತ್ತ, "ಪೂವಕ್ಕಾ, ನಾಳೆಯಿಂದ ನಿನ್ನ ಪಕ್ಕ ನಾಟ್ಯರಾಣಿ ನಿಲ್ತಾಳಂತೆ. ಕುಂಭಕೋಣದವಳು. ಕೋಳಿಗೆ ತಾಳ ಕಲಿಸ್ತಾಳೋ ಏನೋ!" ಎಂದಳು. ನಾನೂ ನಕ್ಕೆ.

ಬಂದವಳು ಮೂವತ್ತರ ಸಪೂರ ಹೆಂಗಸು. ಕೈಗವಸಿನೊಳಗೂ ಬೆರಳು ತಾಳ ಎಣಿಸುತ್ತಿದ್ದವು. ಹಗಲು ಕೋಳಿ, ಸಂಜೆ ಬಾಡಿಗೆ ಸಭಾಂಗಣದಲ್ಲಿ ನಮ್ಮ ತಮಿಳರ ಹೆಣ್ಣುಮಕ್ಕಳಿಗೆ ನಾಟ್ಯದ ಪಾಠ. ಅವರ ಉಡುಪು ಹೊಲಿಯುವವಳು ನಾನು. ಗಂಡ ಹೋದ ಮೇಲೆ ಮನೆಯಲ್ಲಿ ಸದ್ದು ಮಾಡುವುದು ಆ ಹೊಲಿಗೆ ಯಂತ್ರವೊಂದೇ.

"ಕಲಿತದ್ದನ್ನೇ ಕಲಿಸಿ ಸಾಕಾಯ್ತಕ್ಕಾ. ನನ್ನದೇ ಒಂದು ನೃತ್ಯ ಕಟ್ಟಬೇಕು" ಎನ್ನುತ್ತಿದ್ದಳು. ನಾಲ್ಕು ವರ್ಷ ಹಿಡಿಯಿತು. ಕಟ್ಟಿದ್ದು ಕಾರ್ಖಾನೆಯ ನಮ್ಮ ಸಾಲನ್ನೇ: ಹನ್ನೆರಡು ಹೆಂಗಸರು, ಓಡುವ ಬೆಲ್ಟು, ಕತ್ತರಿಸುವ ಕೈ, ಚಳಿಗೆ ಮರಗಟ್ಟಿದ ಬೆರಳನ್ನು ಕಂಕುಳಲ್ಲಿ ಬಿಸಿ ಮಾಡಿಕೊಳ್ಳುವುದು. ಕೊನೆಯದು ನನ್ನ ಚಾಳಿ. ನೋಡುತ್ತ ಕೂತಲ್ಲೇ ನನ್ನ ಕೈ ಕಂಕುಳಿಗೆ ಹೋಯಿತು.

ಬಿಳಿ ಹತ್ತಿಯ ಹನ್ನೆರಡು ಉಡುಪು. ಪ್ರತಿಯೊಂದರ ಒಳಮಗ್ಗುಲಿಗೂ 'ಮಂಗೈ ಕಟ್ಟಿದ್ದು' ಎಂಬ ಬಟ್ಟೆಯ ಚೀಟಿಯನ್ನು ನನ್ನ ಕೈಲಿ ಹೊಲಿಸಿದಳು.

"ಒಳಗೆ ಯಾರು ನೋಡ್ತಾರೇ?" ಎಂದೆ.

"ಹೊರಗೆ ಹಾಕೋರು ಸಿಗೋ ತನಕ ಒಳಗಾದ್ರೂ ಇರಲಕ್ಕಾ."

ನಗರದ ದೊಡ್ಡ ಉತ್ಸವಕ್ಕೆ ಕರೆ ಬಂತು. ಕಾರ್ಯಕ್ರಮದ ಅಚ್ಚಾದ ಹಾಳೆಯಲ್ಲಿ ಅವಳ ಶಿಷ್ಯೆ ಅಭಿಷ್ಣಾಳ ಹೆಸರು ದಪ್ಪ ಅಕ್ಷರದಲ್ಲಿತ್ತು. ನೃತ್ಯ ಕಟ್ಟಿದವರು ಎಂಬಲ್ಲಿ 'ಸಾಂಪ್ರದಾಯಿಕ' ಎಂದಿತ್ತು.

ಮಂಗೈ ಉತ್ಸವದ ಆಫೀಸಿಗೆ ಫೋನು ಮಾಡಿದಳು. "ನಿಮ್ಮ ನಾಟ್ಯ ಎರಡು ಸಾವಿರ ವರ್ಷದ್ದಲ್ವಾ?" ಎಂದು ಅಲ್ಲಿಯವಳು ಮೆಚ್ಚಿಕೊಂಡೇ ಕೇಳಿದಳಂತೆ.

"ಆಗ ಕೋಳಿ ಕಾರ್ಖಾನೆ ಇತ್ತಾ ತಾಯೀ, ಅಂದೆ. ಅವಳಿಗೆ ಅರ್ಥ ಆಗ್ಲಿಲ್ಲ ಅಕ್ಕಾ."

ಉತ್ಸವದ ಅರ್ಜಿ ತುಂಬಿದ್ದು ಅಭಿಷ್ಣಾಳ ತಾಯಿ. "ಕಲೆ ದೇವರದ್ದು ಟೀಚರ್. ನಿಮಗ್ಯಾಕೆ ಹೆಸರಿನ ಆಸೆ?" ಎಂದಳು.

ಮಂಗೈ ಜಗಳಾಡಿದಳು. ಗುರುವಿಗೆ ಅಹಂಕಾರ ಎಂದು ತಾಯಂದಿರೆಲ್ಲ ಮಾತಾಡಿಕೊಂಡರು. ಒಂದು ವರ್ಷದಲ್ಲಿ ಪಾಠದ ಸಭಾಂಗಣ ಖಾಲಿಯಾಯಿತು. ಅಭಿಷ್ಣಾ ತೆರೆದ ಹೊಸ ನಾಟ್ಯಶಾಲೆ ತುಂಬಿತು. ಅವಳ ಶಾಲೆಯ ಮಕ್ಕಳಿಗೆ ಹೊಲಿಯುವುದನ್ನು ನಾನೂ ಬಿಡಲಿಲ್ಲ. ಮಂಗೈ ಕೋಳಿಯ ಸಾಲಿನಲ್ಲೇ ಉಳಿದಳು.

ಕೊನೆಯ ಸಲ ಮನೆಗೆ ಬಂದಾಗ ಹನ್ನೆರಡು ಉಡುಪೂ ಚೀಲದಲ್ಲಿದ್ದವು. "ಮೆಲ್ಬರ್ನಿನಲ್ಲಿ ಅಭಿಷ್ಣಾಳ ಶಾಲೆಯವರು ಅದೇ ನೃತ್ಯ ಮಾಡ್ತಾರಂತೆ. ಉಡುಪು ಕೇಳಿದ್ರು."

"ಕೊಡ್ಬೇಡ ಕಣೇ!"

"ಪೆಟ್ಟಿಗೆಯಲ್ಲಿ ಕೊಳೆಯೋದಕ್ಕಿಂತ ಕುಣೀಲಿ." ಅವಳು ಒಂದು ಉಡುಪಿನ ಒಳಮಗ್ಗುಲನ್ನು ಹೊರಗೆ ಮಾಡಿ ನನ್ನ ಮಡಿಲಿಗಿಟ್ಟಳು. "ಚೀಟಿ ಮಕ್ಕಳ ಬೆನ್ನಿಗೆ ಚುಚ್ಚುತ್ತಂತೆ. ಬಿಚ್ಚಿಕೊಡಕ್ಕಾ, ಬಟ್ಟೆ ಹರಿಯದ ಹಾಗೆ."