ಹಿಂದಿನ ದಿನವೇ ಬರೆದ ನಡಾವಳಿ

ಬ್ರಿಟಿಷರ ಕಾಲದಲ್ಲಿ ನಾನು ಪುಣೆಯ ಒಂದು ಸಾಬೂನು ಕಂಪನಿಯಲ್ಲಿ ಕಾರಕೂನನಾಗಿದ್ದೆ. ನನ್ನ ಅಕ್ಷರದ ಬಗ್ಗೆ ನನಗೆ ಭಾರಿ ಜಂಬ. ಡೈರೆಕ್ಟರುಗಳ ಸಭೆಯ ನಡಾವಳಿ ಪುಸ್ತಕ ನನ್ನ ಕೈಯಲ್ಲೇ ಇರುತ್ತಿತ್ತು. ನಮ್ಮಲ್ಲಿ ನಡಾವಳಿಯನ್ನು ಸಭೆಯ ಹಿಂದಿನ ದಿನವೇ ಬರೆದಿಡುವ ರೂಢಿ. ಏನೇನು ಠರಾವಾಗಬೇಕೆಂದು ಬೆಳಗಾವಿ ಕಡೆಯವರಾದ ಚೇರ್ಮನ್ನರು ಹೇಳುವರು, ನಾನು ಬರೆಯುವೆ. ಮರುದಿನ ಡೈರೆಕ್ಟರುಗಳು ಬಂದು, ಚಿವಡಾ ತಿಂದು, ಚಹಾ ಕುಡಿದು, ಸಹಿ ಹಾಕಿ ಹೋಗುವರು. ಆ ಚಿವಡಾದ ಕೊಬ್ಬರಿ ಹೋಳಿನ ರುಚಿ, ಅಂಗಳದಿಂದ ಬರುತ್ತಿದ್ದ ಕಾದ ಎಣ್ಣೆಯ ವಾಸನೆ ಎರಡೂ ಇನ್ನೂ ನೆನಪಿವೆ.

ಒಂದು ವರ್ಷ ದೀಪಾವಳಿಗೆ ಮುಂಚಿನ ಸಭೆಗೆ ನಮ್ಮ ಮಿಸ್ತ್ರಿ ಕರೆಯದೆಯೇ ಬಂದು ಬಾಗಿಲಲ್ಲಿ ನಿಂತ. ಧಾರವಾಡದವನು; ಸಾಬೂನು ಕುದಿಸುವ ದೊಡ್ಡ ಕಡಾಯಿ ಅವನ ಉಸ್ತುವಾರಿಯಲ್ಲಿತ್ತು.

“ಕಡಾಯಿ ತಳಾ ಬಿರುಕು ಬಿಟ್ಟದ್ರಿ. ಎಂಟು ದಿನಾ ಕೆಲಸ ನಿಲ್ಲಸ್ರಿ, ರಿಪೇರಿ ಮಾಡಸ್ತೇನಿ.”

“ಹಬ್ಬದ ಮುಂದ ನಿಲ್ಲಸೂದು ಹ್ಯಾಂಗಪಾ? ಹಬ್ಬ ಮುಗೀಲಿ, ಆಮ್ಯಾಲ ನೋಡೋಣು,” ಎಂದರು ಚೇರ್ಮನ್ನರು.

ಇಬ್ಬರೂ ಕನ್ನಡದಲ್ಲಿ ಮಾತಾಡಿದ್ದರಿಂದ ಮರಾಠಿಯವರಾದ ಉಳಿದವರಿಗೆ ಒಂದಕ್ಷರ ತಿಳಿಯಲಿಲ್ಲ. ಕೇಳಿ ಅರ್ಥಮಾಡಿಕೊಂಡವನು ನಾನೊಬ್ಬನೇ. ಆದರೂ ಬರೆಯಲಿಲ್ಲ. ಪುಟ ತುಂಬಿ, ಕೆಳಗೆ ಗೆರೆಯನ್ನೂ ಎಳೆದಾಗಿತ್ತು. ಅಂದದ ಪುಟ ಕೆಡಿಸಲು ಮನಸ್ಸು ಬರಲಿಲ್ಲ.

ನಾಲ್ಕನೆಯ ದಿನ ಕಡಾಯಿ ಒಡೆಯಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ, ಆದರೆ ಹಬ್ಬದ ಸಾಬೂನೆಲ್ಲ ಮಣ್ಣುಪಾಲಾಯಿತು.

ಷೇರುದಾರರ ವಾರ್ಷಿಕ ಸಭೆಗೆ ಮಿಸ್ತ್ರಿಯನ್ನೂ ಕರೆಸಿದ್ದರು; ಗದ್ದಲವೋ ಗದ್ದಲ. ಮಿಸ್ತ್ರಿ ಮುಂಚೆ ತಿಳಿಸಲೇ ಇಲ್ಲ, ಅವನನ್ನು ಕೆಲಸದಿಂದ ತೆಗೆಯಬೇಕು ಎಂದು ಡೈರೆಕ್ಟರೊಬ್ಬರು ಮರಾಠಿಯಲ್ಲಿ ಅಬ್ಬರಿಸಿದರು. ತಿಳಿಸಿದ್ದೇನೆ ಎಂದ ಮಿಸ್ತ್ರಿ. ಹಾಗಾದರೆ ನಡಾವಳಿ ಓದಿಸಿ ಎಂದರು ಷೇರುದಾರರು.

ಓದಿದೆ. ಅದರಲ್ಲಿ ಏನಿದ್ದೀತು?

“ರಾಯರ, ನೀವು ಅಲ್ಲೇ ಇದ್ರೆಲ್ರಿ,” ಎಂದ ಮಿಸ್ತ್ರಿ, ನನ್ನನ್ನೇ ನೋಡುತ್ತ.

ಚೇರ್ಮನ್ನರು ಕನ್ನಡಕ ಒರೆಸುತ್ತ ಕೂತಿದ್ದರು. ನನ್ನ ನೌಕರಿಯ ಭಯ ನನಗೆ. ತಲೆ ತಗ್ಗಿಸಿದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆಗ ಚೇರ್ಮನ್ನರು ಎದ್ದು ಬಂದು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡರು. ಮಿಸ್ತ್ರಿ ಹೇಳಿದ್ದು ನಿಜ, ಬೇಡವೆಂದವರು ತಾವೇ ಎಂದು ಸಭೆಗೆ ಹೇಳಿ, ಅದನ್ನೇ ನನ್ನ ಗೆರೆಯ ಕೆಳಗೆ ಸೊಟ್ಟ ಅಕ್ಷರದಲ್ಲಿ ಬರೆದು ಸಹಿ ಹಾಕಿದರು. ಅಂದೇ ಅವರ ಕುರ್ಚಿ ಹೋಯಿತು, ಮಿಸ್ತ್ರಿಯ ಕೆಲಸ ಉಳಿಯಿತು.

ಹೊರಡುವಾಗ ಅವರು ನನಗೆ ಹೇಳಿದ್ದು ಇಷ್ಟೇ: “ಇನ್ನ ಸಭಾ ಮುಗದ ಮ್ಯಾಲ ಬರೀರಿ.”

ಹಾಗೆಯೇ ಬರೆದೆ. ಚಿತ್ತು-ಕಾಟು, ಮಸಿಯ ಕಲೆಗಳಿಂದ ನನ್ನ ಪುಟಗಳು ಕುರೂಪವಾದವು. ಮಿಸ್ತ್ರಿ ಪ್ರತಿ ದೀಪಾವಳಿಗೂ ಹೊಸ ಸಾಬೂನಿನ ಮೊದಲ ತುಂಡನ್ನು ನನ್ನ ಮೇಜಿನ ಮೇಲಿಟ್ಟು, “ನಮಸ್ಕಾರ್ರಿ ರಾಯರ,” ಎಂದು ನಕ್ಕು ಹೋಗುತ್ತಿದ್ದ. ಆ ದಿನದ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಒಂದು ಸಲ ಬೈದಿದ್ದರೂ ನನಗೆ ಹಗುರಾಗುತ್ತಿತ್ತು.