ಅತ್ತಿಗೆಯ ಶರಬತ್ತಿಗೆ ನೀಲಿ ಲೇಬಲ್

ಪುತ್ತೂರಿನಲ್ಲಿ ಲೋಗೊ, ಲೇಬಲ್ ಮಾಡಿಕೊಡುವುದು ನನ್ನ ಕೆಲಸ. ಯಾವ ಬಣ್ಣ ಮನಸ್ಸಿಗೆ ಏನು ಮಾಡುತ್ತದೆ ಎಂದು ಯಾರಾದರೂ ಕೇಳಿದರೆ ಸಾಕು, ನನ್ನ ಭಾಷಣ ಶುರು. ಹಾಗೆ ಸಿಕ್ಕಿಬಿದ್ದವರು ಮರ್ಕಂಜದ ನನ್ನ ಅತ್ತಿಗೆ.

ಅತ್ತಿಗೆಯ ಪುನರ್ಪುಳಿ ಹಣ್ಣಿನ ಕೆಂಪು ಶರಬತ್ತನ್ನು ಹೊಗಳದ ನೆಂಟರಿಲ್ಲ. ಅವರಿಗೆ ಅದೇ ಬೇಸರ. "ನೆಂಟರು ಹೊಗಳದೆ ಎಂತ ಮಾಡ್ತಾರೆ? ಪುಕ್ಕಟೆ ಕುಡಿದ ಬಾಯಿ! ಗುರ್ತ ಇಲ್ಲದವರು ದುಡ್ಡು ಕೊಟ್ಟು ತಕೊಂಡ್ರೆ ಮಾತ್ರ ನಾನು ನಂಬುದು" ಎಂದರು. ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯವರು ಒಂದು ವಾರ ಇಟ್ಟು ನೋಡಲು ಒಪ್ಪಿದರು. ಮಾರಿಹೋಗದಿದ್ದರೆ ವಾಪಸ್.

ನೀಲಿ ಕಂಡರೆ ಜನಕ್ಕೆ ನಂಬಿಕೆ ಹುಟ್ಟುತ್ತದೆ, ನಾನು ಕಲಿತದ್ದು ಹಾಗೆ. ಬಾಟಲಿಯ ಕುತ್ತಿಗೆಯಿಂದ ಬುಡದವರೆಗೆ ತಿಳಿನೀಲಿ ಲೇಬಲ್ ಸುತ್ತಿಸಿದೆ.

"ಕೆಂಪು ಹಾಕುದಲ್ವಾ ಮಾರಾಯ್ತಿ?" ಎಂದು ಅತ್ತಿಗೆ ಮೆಲ್ಲಗೆ ಕೇಳಿದರು.

"ಕೆಂಪು ಎಲ್ಲರೂ ಹಾಕ್ತಾರೆ, ನೀವು ಸುಮ್ಮನಿರಿ" ಎಂದು ಅವರ ಬಾಯಿ ಮುಚ್ಚಿಸಿದೆ.

ವಾರ ಕಳೆದು ಇಬ್ಬರೂ ಅಂಗಡಿಗೆ ಹೋದರೆ ಒಂದು ಬಾಟಲಿಯೂ ಕದಲಿರಲಿಲ್ಲ. ಅತ್ತಿಗೆಯ ಮುಖ ಬಾಡಿತು. ಅಷ್ಟರಲ್ಲಿ ಕೆದಂಬಾಡಿ ಕಡೆಯ ಕೃಷಿಕರೊಬ್ಬರು ಬಂದು ಬಾಟಲಿ ಎತ್ತಿ, "ಒಂದು ಡ್ರಮ್ಮಿಗೆ ಇದು ಎಷ್ಟು ಹಾಕುದು?" ಎಂದು ಕೇಳಿದರು.

"ಡ್ರಮ್ಮಿಗಾ? ಎಂತ ಡ್ರಮ್ಮು?" ನಾನು ಹಾರಿಬಿದ್ದೆ.

"ಇದು ಅಡಿಕೆಗೆ ಬಿಡುವ ಮದ್ದಲ್ವಾ?"

ಅಯ್ಯೋ ದೇವರೇ, ಮೈಲುತುತ್ತಿನ ನೀಲಿ! ಮದ್ದು ಬಿಡುವ ದಿನ ಮರ, ಪಂಪು, ಅಣ್ಣನ ಅಂಗಿ, ಕಣ್ಣರೆಪ್ಪೆ ಎಲ್ಲ ಅದೇ ಬಣ್ಣ. ಅದನ್ನು ನೋಡಿಯೇ ಬೆಳೆದ ನನಗೆ ಹೊಳೆಯಲಿಲ್ಲವಲ್ಲ! ಜನಕ್ಕೆ ನಂಬಿಕೆಯೇನೋ ಹುಟ್ಟಿತ್ತು, ಅಡಿಕೆಯ ಕೊಳೆರೋಗ ಹೋಗುತ್ತದೆ ಎಂಬ ನಂಬಿಕೆ.

"ಶರಬತ್ತು ಅಂತ ದೊಡ್ಡದಾಗಿ ಬರೆದದ್ದುಂಟಲ್ಲ!" ಎಂದು ರೇಗಿದೆ.

"ಬಣ್ಣ ನೋಡಿದ ಮೇಲೆ ಓದುವವರು ಯಾರು ಮಾರಾಯ್ರೆ?" ಎಂದರು ಅವರು.

ಅತ್ತಿಗೆಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಲೇಬಲನ್ನು ಪರ್ರನೆ ಹರಿದರು. ಒಳಗಿನ ಕಡುಗೆಂಪು ಫಳಫಳ ಹೊಳೆಯಿತು. ಅಂಗಡಿಯವರಲ್ಲಿ ಲೋಟ, ನೀರು ಕೇಳಿ, ಸ್ವಲ್ಪ ಬೆರೆಸಿ ಆ ಕೃಷಿಕರ ಕೈಗಿತ್ತರು. ಅವರು ಗಟಗಟನೆ ಕುಡಿದು, "ಎರಡು ಬಾಟಲಿ ಕೊಡಿ" ಎಂದು ದುಡ್ಡು ತೆಗೆದರು.

ಅವರು ಬಸ್ ಹತ್ತುವವರೆಗೆ ಅತ್ತಿಗೆ ನೋಡುತ್ತ ನಿಂತರು. ಆಮೇಲೆ ನನ್ನ ಕೈ ಗಟ್ಟಿಯಾಗಿ ಹಿಡಿದು ಕೇಳಿದರು, "ಸರಿ ನೆನಪು ಮಾಡಿ ಹೇಳು. ಅವರು ನಮಗೆ ಎಲ್ಲಿಂದಾದ್ರೂ ಸಂಬಂಧ ಆಗ್ತಾರಾ?"

"ಇಲ್ಲ ಅತ್ತಿಗೆ. ಗುರ್ತವೇ ಇಲ್ಲ."

ನಡು ಬಸ್‌ಸ್ಟ್ಯಾಂಡಿನಲ್ಲಿ ಅತ್ತಿಗೆ ನನ್ನನ್ನು ಎಳೆದು ತಬ್ಬಿಕೊಂಡರು.